ಮಲಗಿಸಿ ಕೊಯ್ಯುವುದೋ, ಮಾತಾಡಿಸುತ್ತ ಕೊಯ್ಯುವುದೋ?

ಗಂಟಲಮಣಿಯ ಪಕ್ಕದಲ್ಲಿ ಬೆರಳಿಟ್ಟು ಮೆಲ್ಲಗೆ ಒತ್ತಿದರೆ ಒಂದು ನಾಡಿ ತುಡಿಯುವುದು ತಿಳಿಯುತ್ತದೆ. ಮುಂಗೈಯ ನಾಡಿಗಿಂತ ಇದು ಬಲವಾದುದು. ಬಿದ್ದ ಮನುಷ್ಯನಲ್ಲಿ ಜೀವವಿದೆಯೋ ಇಲ್ಲವೋ ಎಂಬ ಸಂದೇಹ ಬಂದಾಗ ವೈದ್ಯರು ಮುಟ್ಟಿ ನೋಡುವುದು ಇದನ್ನೇ. ಓದುಗರು ಒಂದು ಪಕ್ಕವನ್ನು ಬೇಕಾದರೆ ಮುಟ್ಟಿ ನೋಡಬಹುದು. ಎರಡನ್ನೂ ಒಟ್ಟಿಗೆ ಒತ್ತುವ ಸಾಹಸಕ್ಕೆ ಮಾತ್ರ ಹೋಗಬಾರದು. ಹಾಗೆ ಒತ್ತಿದರೆ ಏನಾಗುವುದೆಂಬುದನ್ನು ಪ್ರಾಚೀನ ಗ್ರೀಕರು ಕಂಡಿದ್ದರು. ಆ ನಾಳಕ್ಕೆ ಅವರಿಟ್ಟ ಹೆಸರಿನ ಮೂಲದಲ್ಲಿ ಮಂಪರು, ಗಾಢನಿದ್ರೆ ಎಂಬ ಅರ್ಥವಿದೆ. ಕೆರೋಟಿಡ್ ಎಂಬ ಆ ಹೆಸರು ಎರಡು ಸಾವಿರ ವರ್ಷ ದಾಟಿ ಇಂದಿನ ಆಸ್ಪತ್ರೆಗಳಲ್ಲಿಯೂ ಹಾಗೆಯೇ ನಡೆಯುತ್ತಿದೆ.

ನಮ್ಮ ಸುಶ್ರುತನೂ ಈ ಸ್ಥಳವನ್ನು ಬಿಟ್ಟಿಲ್ಲ. ಮರ್ಮಗಳನ್ನು ಎಣಿಸುವಾಗ ಅವನು ಕಂಠದ ಎರಡು ಪಕ್ಕಗಳಲ್ಲಿ ನೀಲಾ ಎಂದೂ ಮನ್ಯಾ ಎಂದೂ ನಾಲ್ಕು ಧಮನಿಗಳನ್ನು ಹೇಳಿ, ಅಲ್ಲಿ ಪೆಟ್ಟು ಬಿದ್ದರೆ ಮೂಕತನ, ಸ್ವರ ಕೆಡುವುದು, ರುಚಿ ತಿಳಿಯದಿರುವುದು ಉಂಟಾಗುವುವೆಂದು ಎಚ್ಚರಿಸುತ್ತಾನೆ. ಸುಶ್ರುತನ ಮನ್ಯೆಯೂ ಗ್ರೀಕರ ಕೆರೋಟಿಡ್ಡೂ ಒಂದೇ ಎಂದು ಹಠ ಹಿಡಿಯಬೇಕಾಗಿಲ್ಲ. ಕತ್ತಿನ ನಾಳಗಳಿಗೂ ಮನುಷ್ಯನ ಮಾತಿಗೂ ಏನೋ ನಂಟಿದೆಯೆಂದು ಶಸ್ತ್ರ ಹಿಡಿದವರು ಬಹು ಹಿಂದೆಯೇ ಬಲ್ಲರು ಎಂಬಷ್ಟನ್ನು ಇಟ್ಟುಕೊಂಡರೆ ಸಾಕು. ಏಕೆಂದರೆ ನಾವು ಇಲ್ಲಿ ಹೇಳಹೊರಟಿರುವ ಕಥೆಯಲ್ಲಿ ಪಣಕ್ಕೆ ಬಿದ್ದಿರುವುದು ಬಹುಮಟ್ಟಿಗೆ ಮಾತೇ.

ಈ ನಾಳವನ್ನು ಸೀಳಿ, ಒಳಗೆ ಕಟ್ಟಿಕೊಂಡ ಕೊಬ್ಬು ಸುಣ್ಣಗಳ ಪದರವನ್ನು ಕೆರೆದು ತೆಗೆದು, ಮತ್ತೆ ಹೊಲಿಯುವ ಶಸ್ತ್ರಕ್ರಿಯೆ ಹುಟ್ಟಿ ಎಪ್ಪತ್ತು ವರ್ಷಗಳ ಮೇಲಾಯಿತು. ಲಕ್ವ ಹೊಡೆಯದಂತೆ ತಡೆಯುವುದಕ್ಕಾಗಿ ಮಾಡುವ ಕೆಲಸ ಇದು. ಆದರೆ ಕೆಲಸ ನಡೆಯುವ ಇಪ್ಪತ್ತು ಮೂವತ್ತು ನಿಮಿಷ ನಾಳವನ್ನು ಇಕ್ಕಳದಿಂದ ಬಿಗಿಯಲೇಬೇಕು. ಆಗ ಮಿದುಳಿಗೆ ಹೋಗುವ ರಕ್ತದ ಒಂದು ದೊಡ್ಡ ದಾರಿ ಮುಚ್ಚುತ್ತದೆ. ಲಕ್ವವನ್ನು ತಡೆಯಹೋದ ಕೈಯೇ ಲಕ್ವವನ್ನು ತರಬಹುದು. ಹೀಗಿರುವಲ್ಲಿ, ರೋಗಿಯನ್ನು ಪೂರ್ತಿಯಾಗಿ ಮಲಗಿಸುವುದು ಒಳ್ಳೆಯದೋ, ಕತ್ತನ್ನಷ್ಟೇ ಮರಗಟ್ಟಿಸಿ ಎಚ್ಚರವಾಗಿಟ್ಟುಕೊಂಡು ಕೊಯ್ಯುವುದು ಒಳ್ಳೆಯದೋ? ಮಲಗಿಸುವುದಾದರೆ ಯಾವ ಔಷಧದಿಂದ? ಈ ವಾದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು. ಇದನ್ನು ವೈದ್ಯರೊಳಗಿನ ಮನೆಜಗಳವೆಂದು ತಳ್ಳಿಬಿಡುವಂತಿಲ್ಲ. ಮಿದುಳೆಂಬ ಮೂಕ ವಸ್ತುವನ್ನು ಮಾತಾಡಿಸುವುದು ಹೇಗೆಂಬ ಪ್ರಶ್ನೆಯ ಚರಿತ್ರೆಯೇ ಇದರೊಳಗೆ ಅಡಗಿದೆ.

ಮಿದುಳು ತೂಕದಲ್ಲಿ ದೇಹದ ಐವತ್ತರಲ್ಲಿ ಒಂದು ಪಾಲು. ಉಣ್ಣುವುದರಲ್ಲಿ ಮಾತ್ರ ಹೊಟ್ಟೆಬಾಕ. ಹೃದಯ ಚಿಮ್ಮುವ ರಕ್ತದಲ್ಲಿ ಸುಮಾರು ಏಳನೆಯ ಒಂದು ಪಾಲು, ನಾವು ಉಸಿರಾಡಿ ಪಡೆದ ಆಮ್ಲಜನಕದಲ್ಲಿ ಐದನೆಯ ಒಂದು ಪಾಲು ಅದಕ್ಕೇ ಬೇಕು. ಕೂಡಿಟ್ಟುಕೊಳ್ಳುವ ಕಣಜವೂ ಅದಕ್ಕಿಲ್ಲ. ಆದರೂ ಒಂದು ಪಕ್ಕದ ಕೆರೋಟಿಡ್ಡನ್ನು ಮುಚ್ಚಿದರೆ ಎಲ್ಲರಿಗೂ ಲಕ್ವ ಹೊಡೆಯುವುದಿಲ್ಲ. ಇದರ ಗುಟ್ಟನ್ನು ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ೧೬೬೪ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಹೊರಗೆಡವಿದನು. ಮಿದುಳಿನ ಅಡಿಯಲ್ಲಿ ಎಡಬಲದ ನಾಳಗಳು ಒಂದಕ್ಕೊಂದು ಕೂಡಿಕೊಂಡು ಬಳೆಯಂತೆ ಸುತ್ತುಗಟ್ಟಿವೆ. ಒಂದು ಕಾಲುವೆ ಬತ್ತಿದರೆ ಇನ್ನೊಂದರ ನೀರು ತಿರುಗಿ ಬಂದು ಗದ್ದೆಯನ್ನು ಉಳಿಸುತ್ತದೆ. ಬೇರಾವುದೋ ರೋಗದಿಂದ ಸತ್ತವನೊಬ್ಬನಲ್ಲಿ ಒಂದು ಕೆರೋಟಿಡ್ ಪೂರ್ತಿ ಮುಚ್ಚಿಹೋಗಿದ್ದರೂ ಬದುಕಿರುವಾಗ ಅವನಿಗೆ ಲಕ್ವದ ಸುಳಿವೇ ಇರಲಿಲ್ಲವೆಂದು ವಿಲ್ಲಿಸ್ ಬರೆದಿಟ್ಟಿದ್ದಾನೆ. ಆ ಗ್ರಂಥದ ಚಿತ್ರಗಳನ್ನು ಬರೆದವನು ಕ್ರಿಸ್ಟೊಫರ್ ರೆನ್. ಮುಂದೆ ಲಂಡನ್ನಿನ ಸೇಂಟ್ ಪಾಲ್ ದೇವಾಲಯವನ್ನು ಕಟ್ಟಿದ ಮಹಾಶಿಲ್ಪಿ. ಕಮಾನು ಗುಮ್ಮಟಗಳ ಮರ್ಮ ಬಲ್ಲವನ ಕೈಯಲ್ಲಿ ಮಿದುಳಿನ ಬಳೆ ಸೊಗಸಾಗಿಯೇ ಮೂಡಿತು.

ಆದರೆ ಈ ಬಳೆ ಎಲ್ಲರಲ್ಲಿಯೂ ಪೂರ್ಣವಾಗಿರುವುದಿಲ್ಲ. ಕೆಲವರಲ್ಲಿ ಒಂದು ತುಂಡು ದಾರದಷ್ಟು ಸಣ್ಣದು, ಕೆಲವರಲ್ಲಿ ಇಲ್ಲವೇ ಇಲ್ಲ. ಯಾರ ಬಳೆ ಗಟ್ಟಿ, ಯಾರದು ಒಡಕು ಎಂಬುದು ಹೊರಗಿನಿಂದ ಕಾಣದು. ಮುಂದಿನ ಕಷ್ಟಕ್ಕೆಲ್ಲ ಕಾರಣ ಇದೇ.

ಹಳೆಯ ಕಾಲದ ಶಸ್ತ್ರವೈದ್ಯರು ಇದನ್ನು ರಕ್ತ ಚೆಲ್ಲಿ ಕಲಿತರು. ಹದಿನಾರನೆಯ ಶತಮಾನದಲ್ಲಿ ಫ್ರಾನ್ಸಿನ ಆಂಬ್ರೂಆಸ್ ಪಾರೆ ಕತ್ತು ಸೀಳಿದ ಸೈನಿಕನೊಬ್ಬನ ಕೆರೋಟಿಡ್ಡನ್ನು ದಾರದಿಂದ ಕಟ್ಟಿ ಜೀವ ಉಳಿಸಿದನು. ಸೈನಿಕ ಬದುಕಿದ, ಮಾತು ಹೋಯಿತು, ಒಂದು ಪಕ್ಕ ಬಿದ್ದುಹೋಯಿತು. ೧೭೯೮ರಲ್ಲಿ ಲಂಡನ್ನಿನ ಜಾನ್ ಅಬರ್ನೆತಿ ದನದ ಕೊಂಬು ಕತ್ತಿಗೆ ನಾಟಿದವನೊಬ್ಬನಿಗೆ ಹೀಗೆಯೇ ಕಟ್ಟಿದ. ರೋಗಿ ಲಕ್ವ ಹೊಡೆದು ಸತ್ತ. ಆಸ್ಟ್ಲಿ ಕೂಪರ್ ೧೮೦೫ರಲ್ಲಿ ಕತ್ತಿನ ನಾಳ ಉಬ್ಬಿದ ಹೆಂಗಸಿಗೆ ಕಟ್ಟಿದಾಗ ಅವಳು ಉಳಿಯಲಿಲ್ಲ. ೧೮೦೮ರಲ್ಲಿ ಇನ್ನೊಬ್ಬನಿಗೆ ಕಟ್ಟಿದಾಗ ಅವನು ಹದಿಮೂರು ವರ್ಷ ನೆಮ್ಮದಿಯಾಗಿ ಬಾಳಿದ. ಅದೇ ವೈದ್ಯ, ಅದೇ ದಾರ, ಅದೇ ನಾಳ. ಒಬ್ಬರಿಗೆ ಮರಣ, ಒಬ್ಬರಿಗೆ ಬಾಳು. ಇಷ್ಟೂ ಜನ ಎಚ್ಚರವಾಗಿದ್ದರೆಂಬುದನ್ನು ಇಲ್ಲಿ ನೆನಪಿಡಬೇಕು. ಅರಿವಳಿಕೆಯೆಂಬುದು ಇನ್ನೂ ಹುಟ್ಟಿರಲಿಲ್ಲ.

ಅದು ಹುಟ್ಟಿದ್ದಾದರೂ ಎಲ್ಲಿ? ಕತ್ತಿನ ಮೇಲೆಯೇ! ೧೮೪೬ನೆಯ ಅಕ್ಟೋಬರ್ ೧೬ರಂದು ಅಮೆರಿಕದ ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಎಂಬ ಹಲ್ಲಿನ ವೈದ್ಯ ಈಥರಿನ ಆವಿಯನ್ನು ಉಸಿರಾಡಿಸಿ ತೋರಿಸಿದಾಗ, ಜಾನ್ ವಾರನ್ ಕೊಯ್ದದ್ದು ಗಿಲ್ಬರ್ಟ್ ಆಬಟ್ ಎಂಬ ತರುಣನ ಎಡ ದವಡೆಯ ಕೆಳಗಿದ್ದ ಗಂಟನ್ನು. ಆಬಟ್ ಆಮೇಲೆ ನೋವಾಗಲಿಲ್ಲ, ಕತ್ತನ್ನು ಕೆರೆದಂತಾಯಿತು ಎಂದನಂತೆ. ಮರುವರ್ಷ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರಂ ತಂದ. ಮನುಷ್ಯಕುಲಕ್ಕೆ ಇಂಥ ಉಪಕಾರ ಹೆಚ್ಚು ಆದದ್ದಿಲ್ಲ. ಆದರೆ ನೋವಿನ ಕೂಗನ್ನು ಅಡಗಿಸಿದ ಔಷಧ ಅದರೊಡನೆ ಮಾತನ್ನೂ ಅಡಗಿಸಿತು. ಮಲಗಿದವನ ಒಳಗೆ ಏನಾಗುತ್ತಿದೆಯೆಂದು ಹೇಳುವವರು ಯಾರು?

ಈ ಪ್ರಶ್ನೆಗೆ ಒಂದು ಹಳೆಯ ಉತ್ತರ ನಮ್ಮ ನೆರೆಯಲ್ಲಿಯೇ ಹುಡುಕಲ್ಪಟ್ಟಿತು. ಕಲಬುರಗಿ, ಬೀದರ, ರಾಯಚೂರುಗಳು ನಿಜಾಮನ ಆಳ್ವಿಕೆಯಲ್ಲಿದ್ದ ಕಾಲ. ಹೈದರಾಬಾದಿನಲ್ಲಿದ್ದ ವೈದ್ಯ ಎಡ್ವರ್ಡ್ ಲಾರಿ ಕ್ಲೋರೋಫಾರಂ ಕೊಟ್ಟಾಗ ಮೊದಲು ನಿಲ್ಲುವುದು ಉಸಿರೇ, ಹೃದಯವಲ್ಲ. ಆದ್ದರಿಂದ ನಾಡಿಯನ್ನು ಹಿಡಿದು ಕೂರದೆ ಉಸಿರನ್ನು ನೋಡಿಕೊಳ್ಳಿ ಎಂದು ವಾದಿಸಿದನು. ನಿಜಾಮನ ಹಣದಿಂದ ೧೮೮೮ರಲ್ಲಿ ಒಂದು, ೧೮೮೯ರಲ್ಲಿ ಇನ್ನೊಂದು ಆಯೋಗ ಕೂತು, ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆದು, ಅವನ ಮಾತೇ ಸರಿಯೆಂದು ತೀರ್ಪಾಯಿತು. ಕ್ಲೋರೋಫಾರಂ ಹೃದಯವನ್ನೂ ಥಟ್ಟನೆ ನಿಲ್ಲಿಸಬಲ್ಲುದೆಂದು ೧೯೧೧ರಲ್ಲಿ ಗುಡ್‌ಮನ್ ಲೆವಿ ತೋರಿಸಿದ ಮೇಲೆ ತೀರ್ಪಿನ ಬಲ ಕುಗ್ಗಿತು. ಉಸಿರೋ ನಾಡಿಯೋ ಎಂದು ಜಗಳವಾಡಿದವರಲ್ಲಿ ಮಿದುಳಿನ ಹೆಸರೆತ್ತಿದವರಿಲ್ಲ. ಅದರ ಸರದಿ ಬರಲು ಇನ್ನೂ ಅರವತ್ತು ವರ್ಷ ಬೇಕಾಯಿತು.

ತಡವಾಗಲು ಕಾರಣ, ಲಕ್ವದ ಬೇರು ಕತ್ತಿನಲ್ಲಿರಬಹುದೆಂಬುದೇ ಬಹುಕಾಲ ವೈದ್ಯರ ಲಕ್ಷ್ಯಕ್ಕೆ ಬರಲಿಲ್ಲ. ೧೯೨೭ರಲ್ಲಿ ಲಿಸ್ಬನ್ನಿನ ಎಗಾಸ್ ಮೊನಿಜ್ ಕತ್ತಿನ ನಾಳಕ್ಕೆ ಔಷಧ ಚುಚ್ಚಿ ಎಕ್ಸ್-ರೇ ಚಿತ್ರದಲ್ಲಿ ಮಿದುಳಿನ ನಾಳಗಳನ್ನು ಕಾಣುವಂತೆ ಮಾಡಿದನು. (ಅವನಿಗೆ ನೊಬೆಲ್ ಬಹುಮಾನ ಬಂದದ್ದು ಬೇರೊಂದು ಕೆಲಸಕ್ಕೆ; ಮಿದುಳಿನ ಮುಂಭಾಗವನ್ನು ಕೊಯ್ದು ಹುಚ್ಚನ್ನು ಬಿಡಿಸುವ ಆ ವಿಧಾನವನ್ನು ಲೋಕ ಕೈಬಿಟ್ಟಿತು, ಬಹುಮಾನ ಬಾರದ ಕೆಲಸ ಉಳಿಯಿತು.) ೧೯೫೧ರಲ್ಲಿ ಮಾಂಟ್ರಿಯಲ್ಲಿನ ಮಿಲ್ಲರ್ ಫಿಶರ್ ಬರೆದ ಲೇಖನ ಕಣ್ಣು ತೆರೆಸಿತು. ಈತ ಮಹಾಯುದ್ಧದಲ್ಲಿ ಜರ್ಮನರ ಸೆರೆಯಲ್ಲಿ ಮೂರು ವರ್ಷಕ್ಕೂ ಮೇಲ್ಪಟ್ಟು ಕಳೆದು ಬಂದವನು. ರೋಗಿಗಳ ಮಾತನ್ನು ತಾಳ್ಮೆಯಿಂದ ಕೇಳುವವನು. ಲಕ್ವ ಹೊಡೆಯುವುದಕ್ಕೆ ಮುಂಚೆ ಒಂದು ಕಣ್ಣು ಕೆಲವು ನಿಮಿಷ ಕತ್ತಲೆಯಾಗಿ ತಿಳಿಯಾಗುತ್ತಿತ್ತೆಂದು ರೋಗಿ ಹೇಳಿದ. ಕುರುಡಾಗುತ್ತಿದ್ದುದು ಬಿದ್ದುಹೋದ ಪಕ್ಕದ ಕಣ್ಣಲ್ಲ, ಎದುರು ಪಕ್ಕದ್ದು. ಕಣ್ಣಿಗೂ ಅದೇ ಪಕ್ಕದ ಮಿದುಳಿಗೂ ರಕ್ತ ಹಂಚುವ ನಾಳ ಒಂದೇ, ಅದು ಕತ್ತಿನ ಕೆರೋಟಿಡ್. ಎಳೆ ಸಿಕ್ಕಿತು. ಮುಚ್ಚಿದ ಆ ಭಾಗವನ್ನು ಬಳಸಿ ರಕ್ತ ಹರಿಯಿಸುವ ದಾರಿಯನ್ನು ಶಸ್ತ್ರವೈದ್ಯರು ಮುಂದೊಂದು ದಿನ ಕಂಡುಕೊಂಡಾರೆಂದು ಫಿಶರ್ ನಿರೀಕ್ಷಿಸಿದನು.

ಮುಂದೊಂದು ದಿನವೇನು, ಅದೇ ವರ್ಷ ಬ್ಯೂನಸ್ ಐರಿಸ್ಸಿನಲ್ಲಿ ಕರ್ರೆಯಾ ಮತ್ತು ಸಂಗಡಿಗರು ಕೆಟ್ಟ ಭಾಗವನ್ನು ಕತ್ತರಿಸಿ ನಾಳವನ್ನು ಮತ್ತೆ ಜೋಡಿಸಿದರು. ೧೯೫೩ರ ಆಗಸ್ಟಿನಲ್ಲಿ ಹ್ಯೂಸ್ಟನ್ನಿನ ಮೈಕೇಲ್ ಡಿಬೇಕಿ ಶಾಲಾ ಬಸ್ಸಿನ ಚಾಲಕನೊಬ್ಬನ ನಾಳವನ್ನು ಸೀಳಿ ಶುಚಿ ಮಾಡಿದನು. ಆದರೆ ಇದನ್ನು ವಿವರವಾಗಿ ಪ್ರಕಟಿಸಿದ್ದು ೧೯೭೫ರಲ್ಲಿ. ಲೋಕಕ್ಕೆ ಸುದ್ದಿ ಮುಟ್ಟಿಸಿದ ಕೀರ್ತಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಗೆ ಸಂದಿತು. ೧೯೫೪ರ ಮೇ ೧೯. ರೋಗಿ ಅರವತ್ತಾರು ವರ್ಷದ ಗೃಹಿಣಿ. ಮೂವತ್ತಮೂರು ಸಲ ಅವಳ ಬಲಪಕ್ಕ ಸೋತು, ಮಾತು ನಿಂತು, ಇಲ್ಲವೆ ಎಡಗಣ್ಣು ಮಂಜಾಗಿ, ಸ್ವಲ್ಪ ಹೊತ್ತಿನಲ್ಲಿ ಸರಿಹೋಗಿತ್ತು. ಮೂವತ್ತನಾಲ್ಕನೆಯ ಸಲ ಸರಿಹೋಗುವುದೆಂಬ ಭರವಸೆಯನ್ನು ಯಾರು ಕೊಟ್ಟಾರು? ಈಸ್ಟ್‌ಕಾಟ್, ಪಿಕರಿಂಗ್, ರಾಬ್ ಎಂಬ ಮೂವರು ಸೇರಿ ಅವಳ ನಾಳದ ಕೆಟ್ಟ ಭಾಗವನ್ನು ತೆಗೆದು ತುದಿಗಳನ್ನು ಕೂಡಿಸಲು ನಿಶ್ಚಯಿಸಿದರು.

ಅವರ ಮುಂದಿದ್ದ ಭಯ ನಾವು ಮೇಲೆ ಹೇಳಿದ್ದೇ. ಇಕ್ಕಳ ಬಿಗಿದಿರುವಷ್ಟು ಹೊತ್ತು ಮಿದುಳು ಹಸಿದಿರಬೇಕು. ಅನ್ನ ಕೊಡಲಾಗದಿದ್ದರೆ ಹಸಿವನ್ನಾದರೂ ಕಡಿಮೆ ಮಾಡೋಣ ಎಂದು ಅವರು ರೋಗಿಯನ್ನು ಮಲಗಿಸಿ, ಮೈಸುತ್ತ ಮಂಜುಗಡ್ಡೆಯ ಚೀಲಗಳನ್ನಿಟ್ಟು, ದೇಹದ ಉಷ್ಣವನ್ನು ೨೮ ಡಿಗ್ರಿ ಸೆಂಟಿಗ್ರೇಡಿಗೆ ಇಳಿಸಿದರು. ತಣ್ಣಗಾದ ಮಿದುಳಿಗೆ ಬೇಕಾಗುವ ಆಮ್ಲಜನಕ ಕಡಿಮೆ. ಇಕ್ಕಳ ಬಿಗಿದಿದ್ದದ್ದು ಇಪ್ಪತ್ತೆಂಟು ನಿಮಿಷ. ಆಕೆ ಎದ್ದಳು, ಮಾತಾಡಿದಳು, ಆ ಸೋಲುಗಳು ಮರುಕಳಿಸಲಿಲ್ಲ. ಆ ವರ್ಷದ ನವೆಂಬರಿನಲ್ಲಿ ವರದಿ ಅಚ್ಚಾದಾಗ ಭೂಮಿಯ ನಾಲ್ಕು ಕಡೆಯ ಶಸ್ತ್ರವೈದ್ಯರು ಇದರತ್ತ ತಿರುಗಿದರು.

ಮಂಜುಗಡ್ಡೆ ಮಾತ್ರ ಹೆಚ್ಚು ದಿನ ನಡೆಯಲಿಲ್ಲ. ಮೈ ತಣ್ಣಗಾಗಲು ಹೊತ್ತು ಹಿಡಿಯುತ್ತದೆ, ಮತ್ತೆ ಬೆಚ್ಚಗಾಗಲೂ ಹೊತ್ತು ಹಿಡಿಯುತ್ತದೆ. ೨೮ಕ್ಕಿಂತ ಕೆಳಗಿಳಿದರೆ ಹೃದಯದ ಲಯವೇ ತಪ್ಪೀತು. ೧೯೫೬ರಲ್ಲಿ ಹ್ಯೂಸ್ಟನ್ನಿನ ಡೆಂಟನ್ ಕೂಲಿ ಬೇರೆ ಉಪಾಯವನ್ನು ಪ್ರಕಟಿಸಿದನು. ಇಕ್ಕಳದ ಈಚೆಗೊಂದು ಆಚೆಗೊಂದು ತುದಿ ಇಟ್ಟ ಪ್ಲಾಸ್ಟಿಕ್ ಕೊಳವೆಯಿಂದ ರಕ್ತ ಸುತ್ತುಹಾಕಿ ಹರಿಯುವಂತೆ ಮಾಡುವುದು. ಇದನ್ನು ಷಂಟ್ ಎನ್ನುತ್ತಾರೆ. ಕಟ್ಟೆ ದುರಸ್ತಿ ಮಾಡುವಾಗ ಪಕ್ಕದಲ್ಲಿ ತಾತ್ಕಾಲಿಕ ಕಾಲುವೆ ತೋಡುವಂತೆ. ಹಾಗಾದರೆ ಎಲ್ಲರಿಗೂ ಷಂಟ್ ಹಾಕಿಬಿಟ್ಟರೆ ಮುಗಿಯಿತಲ್ಲ ಎನ್ನಬಹುದು. ಮುಗಿಯಲಿಲ್ಲ. ಕೊಳವೆಯನ್ನು ತೂರಿಸುವಾಗ ನಾಳದ ಗೋಡೆಯ ಜಡ್ಡು ಪದರ ಉದುರಿ, ಚೂರು ಮಿದುಳಿಗೆ ಹಾರಬಹುದು; ಒಂದು ಗುಳ್ಳೆ ಗಾಳಿ ಹೋಗಬಹುದು. ಬೇಕಾದವರಿಗೆ ಹಾಕದಿದ್ದರೆ ಅಪಾಯ, ಬೇಡದವರಿಗೆ ಹಾಕಿದರೂ ಅಪಾಯ. ಹತ್ತು ಮಂದಿಯಲ್ಲಿ ಒಬ್ಬಿಬ್ಬರಿಗಷ್ಟೇ ಬೇಕು. ಆ ಒಬ್ಬಿಬ್ಬರು ಯಾರು?

ಕೇಳಿದರಾಯಿತಲ್ಲ ಎಂದರು ಕೆಲವರು. ಅದಕ್ಕೆ ಸಾಧನ ಆಗಲೇ ಸಿದ್ಧವಾಗಿತ್ತು. ೧೮೮೪ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನಿನ ಹನಿಯಿಂದ ಕಣ್ಣನ್ನು ಮರಗಟ್ಟಿಸಿದ ದಿನದಿಂದ ಮೈಯ ಒಂದು ಭಾಗವನ್ನು ಮಾತ್ರ ಮಲಗಿಸುವ ವಿದ್ಯೆ ಬೆಳೆಯುತ್ತ ಬಂದಿತ್ತು. ೧೯೪೩ರಲ್ಲಿ ಸ್ವೀಡನ್ನಿನ ಲೋಫ್‌ಗ್ರೆನ್ ಎಂಬ ರಸಾಯನಶಾಸ್ತ್ರಜ್ಞ ಲಿಡೊಕೇನನ್ನು ತಯಾರಿಸಿದ್ದ. ಅವನ ಶಿಷ್ಯ ಲುಂಡ್‌ಕ್ವಿಸ್ಟ್ ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದ್ದ. ಕತ್ತಿನ ಎರಡನೆಯ, ಮೂರನೆಯ, ನಾಲ್ಕನೆಯ ನರಗಳು ಹೊರಬರುವ ಜಾಗದಲ್ಲಿ ಇಂಥ ಔಷಧ ಹಾಕಿದರೆ ಒಂದು ಪಕ್ಕದ ಕತ್ತು ಪೂರ್ತಿ ಮರಗಟ್ಟುತ್ತದೆ. ರೋಗಿ ಕಣ್ಣುಬಿಟ್ಟುಕೊಂಡೇ ಇರುತ್ತಾನೆ.

ಆ ಕೊಠಡಿಯ ನೋಟ ವಿಚಿತ್ರವಾದುದು. ಮುಸುಕಿನ ಒಂದು ಬದಿಯಲ್ಲಿ ತೆರೆದ ಕತ್ತು, ಇಕ್ಕಳ, ರಕ್ತ; ಇನ್ನೊಂದು ಬದಿಯಲ್ಲಿ ಅದೇ ಮನುಷ್ಯನ ಮುಖ, ಅದರೊಡನೆ ಮಾತಾಡುತ್ತ ಕೂತ ಅರಿವಳಿಕೆಯ ವೈದ್ಯ. ರೋಗಿಯ ಕೈಯಲ್ಲಿ, ಕೊಯ್ಯುತ್ತಿರುವ ಪಕ್ಕಕ್ಕೆ ಎದುರಾದ ಕೈಯಲ್ಲಿ, ಒತ್ತಿದರೆ ಕೀಚೆನ್ನುವ ಮಕ್ಕಳ ರಬ್ಬರ್ ಗೊಂಬೆಯೊಂದನ್ನು ಕೊಡುತ್ತಾರೆ. ಏಕೆಂದರೆ ಎಡ ಮಿದುಳು ಆಳುವುದು ಬಲಗೈಯನ್ನು, ಬಲ ಮಿದುಳು ಎಡಗೈಯನ್ನು. ಇಕ್ಕಳ ಬಿಗಿಯುತ್ತಾರೆ. ಒತ್ತಿ, ಎನ್ನುತ್ತಾರೆ, ಕೀಚ್. ಒಂದು ನಿಮಿಷ ಕಳೆದ ಮೇಲೆ ಮತ್ತೆ ಒತ್ತಿ, ಕೀಚ್. ನೂರರಿಂದ ಹಿಂದಕ್ಕೆ ಎಣಿಸಿ, ಊರಿನ ಹೆಸರು ಹೇಳಿ. ಗೊಂಬೆ ಸದ್ದು ಮಾಡುವವರೆಗೆ ಎಲ್ಲವೂ ಸರಿ. ಮಾತು ತೊದಲಿತೋ, ಗೊಂಬೆ ಸುಮ್ಮನಾಯಿತೋ, ಆ ಕ್ಷಣವೇ ಷಂಟ್ ಹಾಕುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಮಾತು ಮರಳುತ್ತದೆ. ಲಕ್ಷಾಂತರ ಬೆಲೆಯ ಯಂತ್ರಗಳಿರುವ ಕೊಠಡಿಯಲ್ಲಿ ಎಲ್ಲರೂ ಒಂದು ಗೊಂಬೆಗೆ ಕಿವಿಗೊಟ್ಟು ನಿಂತಿರುವುದೆಂದರೆ!

ಮಲಗಿಸುವ ಪಕ್ಷದವರೂ ಸುಮ್ಮನಿರಲಿಲ್ಲ. ಎಚ್ಚರವಾಗಿರುವ ಮುದುಕನಿಗೆ ಗಾಬರಿಯಾದರೆ? ರಕ್ತದ ಒತ್ತಡ ಏರಿದರೆ, ಮೊದಲೇ ಸೋತ ಹೃದಯ ನಿಂತರೆ, ನಡುವೆ ಕೆಮ್ಮಿ ಕತ್ತು ಕೊಡವಿದರೆ? ಮುಖದ ಮೇಲೆ ಬಟ್ಟೆ ಹೊದಿಸಿಕೊಂಡು ಒಂದೂವರೆ ಗಂಟೆ ಅಲುಗದೆ ಮಲಗಿರುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ಅದಲ್ಲದೆ ಅವರಿಗೆ ಒಂದು ಗಟ್ಟಿ ವಾದವಿತ್ತು. ಮಲಗಿದ ಮಿದುಳಿಗೆ ಹಸಿವು ಕಡಿಮೆ. ಮಂಜುಗಡ್ಡೆಯ ಕೆಲಸವನ್ನು ನಿದ್ರೆಯ ಔಷಧವೇ ಮಾಡುತ್ತದೆ. ೧೯೬೩ರಲ್ಲಿ ಹ್ಯೂಸ್ಟನ್ನಿನ ವೆಲ್ಸ್, ಕೀಟ್ಸ್, ಕೂಲಿ ಎಂಬವರು ಅರಿವಳಿಕೆಯಲ್ಲಿರುವ ಮಿದುಳು ಇಕ್ಕಳವನ್ನು ಹೆಚ್ಚು ತಾಳಿಕೊಳ್ಳುತ್ತದೆಂದು ಬರೆದರು. ಇದೇ ಹುರುಪಿನಲ್ಲಿ ಇಂಗಾಲಾಮ್ಲದ ಒಂದು ಪ್ರಯೋಗವೂ ನಡೆಯಿತು. ರಕ್ತದಲ್ಲಿ ಈ ಅನಿಲ ಹೆಚ್ಚಿದರೆ ಮಿದುಳಿನ ನಾಳಗಳು ಅಗಲವಾಗುತ್ತವೆ. ಆದ್ದರಿಂದ ಬೇಕೆಂದೇ ಹೆಚ್ಚಿಸಿದರು. ಆಮೇಲೆ ತಿಳಿದದ್ದು, ಅಗಲವಾಗುವುದು ಆರೋಗ್ಯವಾದ ಭಾಗದ ನಾಳಗಳು ಮಾತ್ರ, ಹಸಿದ ಭಾಗದವು ಆಗಲೇ ಪೂರ್ತಿ ಅಗಲವಾಗಿ ಕೂತಿವೆ ಎಂದು. ಹೀಗಾಗಿ ಬಡವನ ಪಾಲಿನ ರಕ್ತ ಉಳ್ಳವನ ಕಡೆಗೇ ಹರಿಯಬಹುದು. ಉಪಾಯವನ್ನು ಕೈಬಿಟ್ಟರು.

ಮಾತಿಲ್ಲದ ರೋಗಿಯಿಂದ ಸುದ್ದಿ ತಿಳಿಯಲು ಇವರು ಒಂದೊಂದಾಗಿ ದೂತರನ್ನು ಹುಡುಕಿದರು. ಇಕ್ಕಳ ಬಿಗಿದ ಮೇಲೆ ಆಚೆ ತುದಿಯಲ್ಲಿ ಹಿಂದಕ್ಕೆ ಒತ್ತುವ ರಕ್ತದ ಒತ್ತಡವನ್ನು ಅಳೆಯುವುದು ಒಂದು. ೧೯೬೯ರಲ್ಲಿ ಮೂರ್ ಮತ್ತು ಹಾಲ್ ಎಚ್ಚರವಾಗಿದ್ದ ರೋಗಿಗಳಲ್ಲಿ ಅಳೆದು, ಪಾದರಸದ ೨೫ ಮಿಲಿಮೀಟರ್ ಇದ್ದರೆ ಸಾಕೆಂದರು. ಮಲಗಿದವರಿಗೆ ಅದು ಸಾಲದು, ೫೦ ಬೇಕು ಎಂದರು ಬೇರೆಯವರು. ಅದಕ್ಕಿಂತ ಸೂಕ್ಷ್ಮವಾದ ಕೆಲಸ ಅಮೆರಿಕದ ಮೇಯೊ ಚಿಕಿತ್ಸಾಲಯದಲ್ಲಿ ನಡೆಯಿತು. ಸಂಡ್ಟ್, ಶಾರ್‌ಬ್ರೋ, ಮೈಕೆನ್‌ಫೆಲ್ಡರ್ ಮತ್ತು ಸಂಗಡಿಗರು ತಲೆಗೆ ತಂತಿಗಳನ್ನು ಹಚ್ಚಿ ಮಿದುಳಿನ ವಿದ್ಯುತ್ತಿನ ಅಲೆಗಳನ್ನು ಕಾಗದದ ಮೇಲೆ ಬರೆಸುತ್ತ, ಅದೇ ಹೊತ್ತಿನಲ್ಲಿ ಕಿರಣ ಸೂಸುವ ಕ್ಸೆನಾನ್ ಅನಿಲದಿಂದ ರಕ್ತದ ಹರಿವನ್ನೂ ಅಳೆದರು. ನೂರು ಗ್ರಾಂ ಮಿದುಳಿಗೆ ನಿಮಿಷಕ್ಕೆ ೫೦ ಮಿಲಿಲೀಟರ್ ರಕ್ತ ಸಹಜವಾದುದು. ಎಷ್ಟಕ್ಕೆ ಇಳಿದಾಗ ಅಲೆಗಳು ಕುಗ್ಗುತ್ತವೆ? ಇಲ್ಲಿ ಔಷಧದ ಹೆಸರು ಮುಖ್ಯವಾಯಿತು. ಹ್ಯಾಲೋಥೇನ್ ಕೊಟ್ಟಿದ್ದರೆ ಸುಮಾರು ೨೦ಕ್ಕೆ ಇಳಿದಾಗಲೇ. ಎನ್‌ಫ್ಲೂರೇನ್ ಕೊಟ್ಟಿದ್ದರೆ ೧೫ಕ್ಕೆ. ಐಸೋಫ್ಲೂರೇನ್ ಕೊಟ್ಟಿದ್ದರೆ ೧೦ಕ್ಕೆ. ಎಂದರೆ ಐಸೋಫ್ಲೂರೇನಿನ ನಿದ್ರೆಯಲ್ಲಿ ಮಿದುಳು ಅರ್ಧ ಗಂಜಿಗೇ ತೃಪ್ತಿಪಡುತ್ತಿತ್ತು.

೧೯೮೭ರಲ್ಲಿ ಮೈಕೆನ್‌ಫೆಲ್ಡರ್ ಅಲ್ಲಿನ ಎರಡು ಸಾವಿರಕ್ಕೂ ಮೇಲ್ಪಟ್ಟ ಶಸ್ತ್ರಕ್ರಿಯೆಗಳ ಲೆಕ್ಕ ತೆಗೆದನು. ಅಲೆಗಳು ಕುಗ್ಗಿದ್ದು ಹ್ಯಾಲೋಥೇನಿನಲ್ಲಿ ನೂರಕ್ಕೆ ೨೫, ಎನ್‌ಫ್ಲೂರೇನಿನಲ್ಲಿ ೨೬, ಐಸೋಫ್ಲೂರೇನಿನಲ್ಲಿ ೧೮. ಗೆದ್ದೆವೆಂದು ತೋಳು ತಟ್ಟುವಂಥ ಅಂಕಿಗಳು. ಆದರೆ ಅದೇ ಲೇಖನದಲ್ಲಿ ಇನ್ನೊಂದು ಮಾತಿತ್ತು, ಅದನ್ನು ಮುಚ್ಚಿಡದೆ ಬರೆದದ್ದಕ್ಕೆ ಅವನನ್ನು ಮೆಚ್ಚಬೇಕು. ಎದ್ದ ಮೇಲೆ ಲಕ್ವ ಹೊಡೆದವರ ಪ್ರಮಾಣದಲ್ಲಿ ಮೂರು ಔಷಧಗಳಿಗೂ ಭೇದವೇ ಕಾಣಲಿಲ್ಲ. ಕಾಗದದ ಮೇಲಿನ ಅಲೆ ಒಂದು ಹೇಳಿತು, ಹಾಸಿಗೆಯ ಮೇಲಿನ ಮನುಷ್ಯ ಇನ್ನೊಂದು ಹೇಳಿದ. ತಂಡದವರು ಅಲೆ ಕುಗ್ಗಿದೊಡನೆ ಷಂಟ್ ಹಾಕುತ್ತಿದ್ದುದರಿಂದ ಔಷಧದ ಗುಣದೋಷ ಕೊನೆಯವರೆಗೆ ಉಳಿಯಲೂ ಅವಕಾಶವಿರಲಿಲ್ಲ.

ಎಚ್ಚರದ ಪಕ್ಷದವರ ಕೈಯಲ್ಲಿಯೂ ಅಂಕಿಗಳಿದ್ದವು. ಹಲವು ಆಸ್ಪತ್ರೆಗಳ ಹಳೆಯ ದಾಖಲೆಗಳನ್ನು ಕೂಡಿಸಿ ನೋಡಿದಾಗ ಎಚ್ಚರದಲ್ಲಿ ಕೊಯ್ದವರಿಗೆ ಲಕ್ವ ಸುಮಾರು ಅರ್ಧದಷ್ಟೇ ಎಂಬಂತೆ ಕಾಣುತ್ತಿತ್ತು. ಆದರೆ ಒಬ್ಬ ರೈತ ಎರೆಭೂಮಿಗೆ ಒಂದು ತಳಿಯ ಬೀಜವನ್ನೂ ಕಲ್ಲುಹೊಲಕ್ಕೆ ಇನ್ನೊಂದನ್ನೂ ಹಾಕಿ ಮೊದಲ ತಳಿಯೇ ಮೇಲೆಂದರೆ ನಂಬಲಾದೀತೆ? ಯಾರನ್ನು ಮಲಗಿಸಬೇಕು, ಯಾರನ್ನು ಎಚ್ಚರವಾಗಿಡಬೇಕೆಂದು ಆರಿಸಿದವರು ವೈದ್ಯರೇ. ಅಷ್ಟರಲ್ಲಿ ೧೯೯೧ರಲ್ಲಿ ಉತ್ತರ ಅಮೆರಿಕದ ಒಂದು ದೊಡ್ಡ ಪರೀಕ್ಷೆ, ನಾಳ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಕಟ್ಟಿಕೊಂಡು, ಅದರ ಸೂಚನೆಗಳೂ ಕಾಣಿಸಿಕೊಂಡವರಲ್ಲಿ, ಔಷಧವನ್ನಷ್ಟೇ ಕೊಟ್ಟರೆ ಎರಡು ವರ್ಷದಲ್ಲಿ ನೂರಕ್ಕೆ ೨೬ ಮಂದಿಗೆ ಆ ಪಕ್ಕದ ಲಕ್ವ ಬರುವುದೆಂದೂ ಕೊಯ್ದರೆ ೯ಕ್ಕೆ ಇಳಿಯುವುದೆಂದೂ ತೋರಿಸಿತ್ತು. ಶಸ್ತ್ರಕ್ರಿಯೆ ಬೇಕೆಂಬುದು ಇತ್ಯರ್ಥವಾದಂತಾಯಿತು. ಇನ್ನು ಅದನ್ನು ಮಾಡುವ ಬಗೆಯನ್ನು ಇತ್ಯರ್ಥ ಮಾಡಬೇಕಿತ್ತು.

೧೯೯೯ರಿಂದ ೨೦೦೭ರವರೆಗೆ ೨೪ ದೇಶಗಳ ೯೫ ಕೇಂದ್ರಗಳಲ್ಲಿ ೩,೫೨೬ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ ನೋಡಿದರು. ಲೀಡ್ಸಿನ ಗಫ್, ಎಡಿನ್‌ಬರೋದ ವಾರ್ಲೊ ಮೊದಲಾದವರು ಮುಂದಾಗಿ ನಡೆಸಿದ ಈ ಪರೀಕ್ಷೆಯ ಹೆಸರು ಗಾಲಾ. ಫಲ ೨೦೦೮ರ ಕೊನೆಯಲ್ಲಿ ಪ್ರಕಟವಾಯಿತು. ಮೂವತ್ತು ದಿನಗಳೊಳಗೆ ಲಕ್ವ, ಹೃದಯಾಘಾತ, ಮರಣ ಈ ಮೂರರಲ್ಲೊಂದಕ್ಕೆ ಗುರಿಯಾದವರು: ಮಲಗಿಸಿದ ೧,೭೫೩ ಮಂದಿಯಲ್ಲಿ ೮೪, ಎಂದರೆ ನೂರಕ್ಕೆ ೪.೮, ಎಚ್ಚರವಾಗಿಟ್ಟ ೧,೭೭೩ ಮಂದಿಯಲ್ಲಿ ೮೦, ಎಂದರೆ ನೂರಕ್ಕೆ ೪.೫. ಈ ಭೇದ ಕೇವಲ ಆಕಸ್ಮಿಕವಿರಬಹುದು. ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿಯೂ ಹೆಚ್ಚುಕಡಿಮೆಯಿಲ್ಲ. ಒಂದರಲ್ಲಿ ಮಾತ್ರ ದೊಡ್ಡ ಅಂತರ: ಷಂಟ್ ಹಾಕಿದ್ದು ಮಲಗಿದವರಲ್ಲಿ ನೂರಕ್ಕೆ ೪೩ ಮಂದಿಗೆ, ಎಚ್ಚರದವರಲ್ಲಿ ೧೪ ಮಂದಿಗೆ. ಕೇಳಿ ತಿಳಿಯಬಹುದಾದಲ್ಲಿ ಏಳು ಮಂದಿಗೊಂದು ಕೊಳವೆ ಸಾಕಾಯಿತು. ಕೇಳಲಾಗದಲ್ಲಿ ಅನುಮಾನಕ್ಕೆ ಅಷ್ಟೊಂದು ಕೊಳವೆ.

ಐವತ್ತು ವರ್ಷ ವಾದಿಸಿದ ಸಂಗತಿ ಇಷ್ಟು ಕಡಿಮೆ ತೂಗಿದ್ದೇಕೆ? ಎರಡು ಪಕ್ಷದವರೂ ಕಣ್ಣಿಟ್ಟು ಕಾದದ್ದು ಹಸಿವೆಂಬ ಕಳ್ಳನನ್ನು. ಮನೆಗೆ ಹೆಚ್ಚು ಬಾರಿ ಕನ್ನ ಹಾಕಿದವನು ಬೇರೆ. ೧೯೮೨ರಲ್ಲಿ ಆಸ್ಲಿಡ್ ಎಂಬವನು ಕಪಾಲದ ಮೂಲಕವೇ ಶಬ್ದತರಂಗ ಹಾಯಿಸಿ ಮಿದುಳಿನ ನಾಳದ ಹರಿವನ್ನು ಕೇಳುವ ಉಪಕರಣವನ್ನು ತಂದ ಮೇಲೆ, ಶಸ್ತ್ರಕ್ರಿಯೆಯ ನಡುವೆ ಹಕ್ಕಿ ಚಿಲಿಪಿಲಿಗುಟ್ಟಿದಂಥ ಸದ್ದುಗಳು ಕೇಳಿಬಂದವು. ಒಂದೊಂದು ಚಿಲಿಪಿಲಿಯೂ ನಾಳದಿಂದ ಕಳಚಿ ಮಿದುಳಿಗೆ ಹಾರಿದ ಒಂದೊಂದು ಚೂರು, ಇಲ್ಲವೆ ಗಾಳಿಯ ಗುಳ್ಳೆ. ನಾಳವನ್ನು ಬಿಡಿಸಿಕೊಳ್ಳುವಾಗ, ಇಕ್ಕಳ ಸಡಿಲಿಸುವಾಗ, ಹೊಲಿದ ಜಾಗದಲ್ಲಿ ಹೆಪ್ಪುಗಟ್ಟಿದಾಗ ಈ ಚೂರುಗಳು ಹಾರುತ್ತವೆ. ಶಸ್ತ್ರಕ್ರಿಯೆಯ ಸುತ್ತಮುತ್ತ ಬರುವ ಲಕ್ವಗಳಲ್ಲಿ ಬಹುಪಾಲು ಇವುಗಳಿಂದಲೇ. ಚೂರು ಹಾರದಂತೆ ನೋಡಿಕೊಳ್ಳಬೇಕಾದುದು ಕೊಯ್ಯುವವನ ಕೈ. ನಿದ್ರೆಯ ಔಷಧಕ್ಕೆ ಅಲ್ಲಿ ಏನು ಅಧಿಕಾರ? ಇದಕ್ಕೆ ಇನ್ನೊಂದು ಸಾಕ್ಷಿಯಿದೆ. ತೊಡೆಯ ಸಂದಿನಿಂದ ತಂತಿ ತೂರಿಸಿ, ರೋಗಿ ಎಚ್ಚರವಾಗಿರುವಾಗಲೇ, ನಾಳದೊಳಗೆ ಬಲೆಕೊಳವೆ ಹಾಸುವ ಪದ್ಧತಿ ಬಂದಿದೆ. ೨೦೧೦ರಲ್ಲಿ ಅಂಥವರ ಮಿದುಳನ್ನು ಎಂ.ಆರ್.ಐ. ಚಿತ್ರದಲ್ಲಿ ನೋಡಿದಾಗ ಅರ್ಧ ಮಂದಿಯಲ್ಲಿ ಹೊಸ ಕಲೆಗಳು ಕಂಡವು. ಕತ್ತನ್ನು ಕೊಯ್ದವರಲ್ಲಿ ನೂರಕ್ಕೆ ೧೭ ಮಂದಿಯಲ್ಲಿ ಮಾತ್ರ.

ಹಾಗೆಂದು ಅರಿವಳಿಕೆಯ ವೈದ್ಯನ ಕೆಲಸ ಹಗುರವಾಯಿತೆಂದಲ್ಲ. ಲಕ್ವವಿಲ್ಲದೆ ಎದ್ದವರೆಲ್ಲ ಮೊದಲಿನಂತೆಯೇ ಇರುವರೇ ಎಂಬುದನ್ನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಹೇಯರ್ ಮತ್ತು ಸಂಗಡಿಗರು ಪರೀಕ್ಷಿಸುತ್ತ ಬಂದರು. ನೆನಪು, ಲೆಕ್ಕ, ಚಿತ್ರ ನೋಡಿ ಬರೆಯುವುದು ಮುಂತಾದವನ್ನು ಕೊಟ್ಟು ನೋಡಿದಾಗ ಸುಮಾರು ನಾಲ್ವರಲ್ಲಿ ಒಬ್ಬರು ಮರುದಿನ ಮೊದಲಿಗಿಂತ ಹಿಂದೆ ಬಿದ್ದಿದ್ದರು. ಕೈಕಾಲು ಆಡುತ್ತಿದೆ, ಮಾತು ಬರುತ್ತಿದೆ. ಮನೆಯ ಲೆಕ್ಕದ ಪುಸ್ತಕ ಮಾತ್ರ ಯಾಕೋ ಕೂಡಿಬರುವುದಿಲ್ಲ. ಇಂಥ ನಷ್ಟವನ್ನು ಗೊಂಬೆಯ ಸದ್ದೂ ಹೇಳದು, ಮೂವತ್ತು ದಿನಗಳ ಲೆಕ್ಕವೂ ಹಿಡಿಯದು. ಇಕ್ಕಳದ ಹೊತ್ತಿನಲ್ಲಿ ರಕ್ತದ ಒತ್ತಡ ಕುಸಿಯದಂತೆ, ಇಕ್ಕಳ ಬಿಟ್ಟ ಮೇಲೆ ಏರಿಹೋಗದಂತೆ ಹಿಡಿಯುವುದು ಮಲಗಿಸಿದರೂ ಎಚ್ಚರವಾಗಿಟ್ಟರೂ ತಪ್ಪದ ಕರ್ತವ್ಯ. ಬಹುದಿನ ಬರಗಾಲ ಕಂಡ ಮಿದುಳಿಗೆ ಒಮ್ಮೆಲೇ ಹೊಳೆ ನುಗ್ಗಿದರೆ ಅದು ಬಾತುಕೊಳ್ಳುತ್ತದೆ, ಕೆಲವೊಮ್ಮೆ ಒಳಗೆ ರಕ್ತವೂ ಸುರಿಯುತ್ತದೆ.

ಇಂದು ಎರಡು ಪದ್ಧತಿಗಳೂ ನಡೆಯುತ್ತವೆ. ವೈದ್ಯನ ಅಭ್ಯಾಸ, ರೋಗಿಯ ಹೃದಯ ಶ್ವಾಸಕೋಶಗಳ ಬಲ, ಎಲ್ಲಕ್ಕಿಂತ ಹೆಚ್ಚಾಗಿ ಅವನ ಮನಸ್ಸು, ಇವನ್ನು ನೋಡಿ ತೀರ್ಮಾನಿಸುತ್ತಾರೆ. ಮಲಗಿಸುವುದಾದರೆ ಹಿಂದಿನಂತೆ ಗಂಟೆಗಟ್ಟಲೆ ಮಂಪರು ಉಳಿಸುವ ಔಷಧಗಳನ್ನು ಬಳಸುವುದಿಲ್ಲ. ಪ್ರೊಪೊಫಾಲ್, ರೆಮಿಫೆಂಟನಿಲ್, ಸೆವೊಫ್ಲೂರೇನ್ ಮೊದಲಾದ ಬೇಗ ಇಳಿಯುವಂಥವನ್ನು ಆರಿಸುತ್ತಾರೆ. ಕಾರಣ, ಹೊಲಿಗೆ ಮುಗಿದರೂ ಕೊಠಡಿಯಿಂದ ಯಾರೂ ಆಗಲೇ ಕದಲುವುದಿಲ್ಲ. ರೋಗಿ ಕಣ್ಣು ತೆರೆಯುವವರೆಗೆ ಮೇಜಿನ ಸುತ್ತ ಕಾದು ನಿಂತಿರುತ್ತಾರೆ. ಕಣ್ಣು ತೆರೆದೊಡನೆ ಅವನ ಹೆಸರು ಕೇಳುತ್ತಾರೆ. ಕೊಯ್ದ ಪಕ್ಕಕ್ಕೆ ಎದುರಾದ ಕೈಯನ್ನು ಎತ್ತಿಸುತ್ತಾರೆ, ಕಾಲನ್ನು ಆಡಿಸಲು ಹೇಳುತ್ತಾರೆ. ಕೈ ಏಳದಿದ್ದರೆ ನಾಳದಲ್ಲಿ ಹೆಪ್ಪುಗಟ್ಟಿತೇನೋ ಎಂದು ಆ ಹೊಲಿಗೆಯನ್ನು ಅಲ್ಲಿಯೇ, ಆಗಲೇ ಬಿಚ್ಚಿ ನೋಡಬೇಕಾಗಿ ಬರುತ್ತದೆ. ಎದ್ದರೆ ದೀಪಗಳನ್ನು ಆರಿಸಿ ರೋಗಿಯನ್ನು ಹಾಸಿಗೆಗೆ ಸಾಗಿಸುತ್ತಾರೆ.